ಬಾಲಿಯಲ್ಲಿ ಎಟಿವಿ ಸವಾರಿ: ಮಗ ಮತ್ತು ಅತ್ತೆಯವರನ್ನು ಕರೆದುಕೊಂಡು ಹೋಗಬಹುದೇ?

ಪ್ರಶ್ನೆ: ವಿದ್ಯಾನಗರವಾಸಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಯ ವಾರದಲ್ಲಿ ನಾವು ಐದು ಮಂದಿ ಇಂಡೊನೇಷ್ಯಾದ ಬಾಲಿ ದ್ವೀಪಕ್ಕೆ ಹೊರಟಿದ್ದೇವೆ. ನಾನು, ನಮ್ಮ ಯಜಮಾನರು, ಆರನೆಯ ತರಗತಿಯಲ್ಲಿರುವ ಮಗ, ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿರುವ ಮೈದುನ ಮತ್ತು ಅರವತ್ತು ದಾಟಿದ ಅತ್ತೆಯವರು. ಬೆಂಗಳೂರಿನಿಂದ ಡೆನ್‌ಪಸಾರ್‌ಗೆ ಟಿಕೆಟ್ ಆಗಿದೆ, ಉಬುದ್‌ನಲ್ಲಿ ತಂಗಲು ಕೋಣೆಗಳೂ ಆಗಿವೆ. ಆದ್ದರಿಂದ ತಿಂಗಳನ್ನು ಬದಲಿಸಿಕೊಳ್ಳಿ ಎಂಬ ಸಲಹೆ ಈಗ ಪ್ರಯೋಜನಕ್ಕೆ ಬಾರದು. ಉಳಿದಿರುವ ತಕರಾರು ಒಂದೇ, ಅದೂ ಮನೆಯೊಳಗಿನದು.

ಪ್ರವಾಸದ ಏಜೆಂಟರು ಕೊಟ್ಟಿರುವ ಪಟ್ಟಿಯಲ್ಲಿ ಎರಡು ಗಂಟೆಗಳ ಎಟಿವಿ ಸವಾರಿ ಸೇರಿದೆ. ಗದ್ದೆ, ತೋಟ, ಹಳ್ಳ ಮತ್ತು ಕತ್ತಲೆಯ ಸುರಂಗವೊಂದರ ಮೂಲಕ ನಾಲ್ಕು ಚಕ್ರದ ಆ ಗಾಡಿಯನ್ನು ನಾವೇ ಓಡಿಸಿಕೊಂಡು ಹೋಗಬೇಕಂತೆ. ಮೈದುನನು ದಿನಕ್ಕೆರಡು ಬಾರಿ ಅದರ ವಿಡಿಯೊ ತೋರಿಸುತ್ತಾನೆ. ವಿಡಿಯೊದಲ್ಲಿ ಎಲ್ಲರೂ ಕೆಸರು ಮೆತ್ತಿಕೊಂಡು ನಗುತ್ತಿರುತ್ತಾರೆ, ಯಾರೂ ಬೀಳುವುದಿಲ್ಲ. ‘ಮೇಡಂ, ಸ್ಕೂಟಿ ಓಡಿಸಲು ಬಂದರೆ ಸಾಕು, ಇದು ಅದಕ್ಕಿಂತ ಸುಲಭ, ನಾಲ್ಕು ಚಕ್ರ ಇರುವುದರಿಂದ ಬೀಳುವ ಪ್ರಶ್ನೆಯೇ ಇಲ್ಲ’ ಎಂದು ಏಜೆಂಟರು ಹೇಳುತ್ತಾರೆ. ಮಗನನ್ನು ಯಜಮಾನರ ಹಿಂದೆ ಕೂರಿಸಬಹುದು, ಅತ್ತೆಯವರನ್ನು ಗೈಡ್ ತನ್ನ ಹಿಂದೆ ಕೂರಿಸಿಕೊಂಡು ಹೋಗುತ್ತಾನೆ ಎಂಬುದು ಅವರ ಭರವಸೆ.

ಅತ್ತೆಯವರಿಗೆ ಸೊಂಟದ ಡಿಸ್ಕ್ ತೊಂದರೆ ಇದೆ. ಆದರೆ ‘ನನ್ನೊಬ್ಬಳನ್ನೇ ಹೋಟೆಲಿನಲ್ಲಿ ಬಿಟ್ಟು ಹೋಗುವಿರಾ’ ಎಂದು ಅವರು ಕೇಳಿದ ಮೇಲೆ ಯಾರಿಗೂ ಮಾತು ಹೊರಡಲಿಲ್ಲ. ನಾನು ಹತ್ತು ವರ್ಷಗಳಿಂದ ಸ್ಕೂಟಿ ಓಡಿಸುತ್ತಿದ್ದೇನೆ. ಯಜಮಾನರು ಕಾರು, ಬುಲೆಟ್ ಎರಡನ್ನೂ ಓಡಿಸುತ್ತಾರೆ. ಎಟಿವಿಯ ಬದಲು ಬಾತೂರ್ ಎಂಬ ಜ್ವಾಲಾಮುಖಿ ಬೆಟ್ಟಕ್ಕೆ ಬೆಳಗಿನ ಜಾವ ಜೀಪಿನಲ್ಲಿ ಕರೆದೊಯ್ಯುವ ಇನ್ನೊಂದು ಪ್ರವಾಸವೂ ಇದೆಯೆಂದು ಓದಿದೆ. ನಮ್ಮಂತಹ ಕುಟುಂಬಕ್ಕೆ ಇವೆರಡರಲ್ಲಿ ಯಾವುದು ಸರಿ, ಹಣ ಕಟ್ಟುವ ಮೊದಲು ಏಜೆಂಟರನ್ನು ಏನೇನು ಕೇಳಬೇಕು ಎಂಬುದನ್ನು ಹೋಗಿಬಂದವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕೋಟೆಯೂರಿನವ, ಚಿತ್ರದುರ್ಗ

ಮೇಡಂ, ನಾವು ಸ್ನೇಹಿತರು ಅಲ್ಲಿಗೆ ಹೋಗಿದ್ದುದು ಅಲ್ಲಿನ ಮಳೆಗಾಲದಲ್ಲಿಯೇ ಆದ್ದರಿಂದ ನಿಮಗೆ ಉಪಯೋಗವಾಗುವಂತೆ ಬರೆಯಬಲ್ಲೆ. ಬಾಲಿ ಭೂಮಧ್ಯರೇಖೆಯ ದಕ್ಷಿಣಕ್ಕಿದೆ. ಅಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗೆ ಮಳೆಗಾಲ, ಅದರಲ್ಲಿಯೂ ಡಿಸೆಂಬರ್ ಮತ್ತು ಜನವರಿಯಲ್ಲಿ ಜೋರು ಮಳೆ. ನಮ್ಮ ಚಿತ್ರದುರ್ಗದವರಿಗೆ ವರ್ಷವಿಡೀ ಕಾದರೂ ಸಿಗದ ಮಳೆ ಅಲ್ಲಿ ಒಂದೇ ವಾರದಲ್ಲಿ ಸುರಿದುಬಿಡುತ್ತದೆಯೇನೋ ಎಂದು ನನಗೆ ಅನ್ನಿಸಿತ್ತು. ಬೆಳಗಿನ ಮೊದಲ ತಂಡದಲ್ಲಿ ಹೋಗುವುದು ಮೇಲು. ಮಧ್ಯಾಹ್ನದ ತಂಡದವರಿಗೆ ಮಳೆಯೂ ಸಿಗುತ್ತದೆ, ಬೆಳಗಿನವರು ಉತ್ತು ಹಾಕಿದ ಹಾದಿಯೂ ಸಿಗುತ್ತದೆ.

ಉಬುದ್‌ನಿಂದ ಉತ್ತರದ ಕಡೆ ಪಯಾಂಗನ್, ತೆಗಲ್ಲಾಲಂಗ್ ಊರುಗಳ ಸುತ್ತಮುತ್ತ ಇಂತಹ ಹಾದಿಗಳಿವೆ. ಮೊದಲು ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ನಂತರ ಹೆಲ್ಮೆಟ್ ಮತ್ತು ಗಮ್‌ಬೂಟ್ ಕೊಡುತ್ತಾರೆ. ಆ ಬೂಟಿನೊಳಗೆ ಹಿಂದಿನವರ ಬೆವರೂ ನೀರೂ ಹಾಗೆಯೇ ಇರುತ್ತದೆ, ಆದ್ದರಿಂದ ದಪ್ಪನೆಯ ಕಾಲುಚೀಲವನ್ನು ಮನೆಯಿಂದಲೇ ಒಯ್ಯಿರಿ. ಬಯಲಿನಲ್ಲಿ ಒಂದೆರಡು ಸುತ್ತು ಅಭ್ಯಾಸ ಮಾಡಿಸಿ, ಮುಂದೊಬ್ಬ ಗೈಡ್, ಹಿಂದೊಬ್ಬ ಗೈಡ್, ನಡುವೆ ನಾವು ಎಂಬ ಸಾಲಿನಲ್ಲಿ ಹೊರಡಿಸುತ್ತಾರೆ.

ಹಾದಿ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ತೆಂಗಿನ ತೋಟ, ಬಿದಿರಿನ ಮೆಳೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಗದ್ದೆಗಳ ನಡುವೆ ಹಾಯುವಾಗ ಕಣ್ಣಿಗೆ ಹಬ್ಬವಾಗುತ್ತದೆ. ಆದರೆ ಓಡಿಸುವವನ ಕಣ್ಣಿಗೆ ಆ ಹಬ್ಬ ಸಿಗುವುದಿಲ್ಲ, ಏಕೆಂದರೆ ಅವನು ಮುಂದಿನ ಗಾಡಿಯ ಚಕ್ರದ ಗುರುತನ್ನೇ ನೋಡುತ್ತಿರಬೇಕು. ಆಕ್ಸಿಲರೇಟರ್ ಎಂಬುದು ಬಲಗೈ ಹೆಬ್ಬೆರಳಿನಿಂದ ಒತ್ತುವ ಸಣ್ಣದೊಂದು ಲಿವರ್. ಅರ್ಧ ಗಂಟೆಯಲ್ಲಿ ಆ ಹೆಬ್ಬೆರಳು ಜೋಮು ಹಿಡಿಯುತ್ತದೆ. ಸುರಂಗದೊಳಗೆ ಮುಂದಿನ ಗಾಡಿಗಳ ಹೊಗೆ ತುಂಬಿಕೊಂಡಿರುತ್ತದೆ, ಕೆಳಗೆ ನೀರು ಇರುತ್ತದೆ, ಆ ನೀರು ನೇರವಾಗಿ ಮುಖಕ್ಕೆ ಸಿಡಿಯುತ್ತದೆ. ಕೂಗಿ ಸಂತೋಷಪಡುವವರ ಬಾಯಿಗೂ ಸಿಡಿಯುತ್ತದೆ ಎಂಬುದನ್ನು ಮೈದುನರಿಗೆ ಹೇಳಿ.

ನಮ್ಮ ಮುಂದಿನ ತಂಡದ ಯುವಕನೊಬ್ಬ ಬದುವಿನ ಮೇಲೆ ತಿರುಗುವಾಗ ಎಡಗೈಯಲ್ಲಿ ಮೊಬೈಲ್ ಹಿಡಿದು ಚಿತ್ರ ತೆಗೆಯುತ್ತಿದ್ದ. ಮುಂದಿನ ಚಕ್ರ ಬದುವಿನಿಂದ ಜಾರಿ, ಗಾಡಿ ಮಗ್ಗುಲಾಗಿ ಗದ್ದೆಗೆ ಉರುಳಿತು. ಕೆಳಗೆ ನಾಟಿಗೆ ಹದ ಮಾಡಿದ ಮೆತ್ತನೆಯ ಕೆಸರಿದ್ದುದರಿಂದ ಮಣಿಕಟ್ಟು ಉಳುಕಿದ್ದಷ್ಟೇ ಪೆಟ್ಟು. ಅದೇ ಜಾಗದಲ್ಲಿ ಕಲ್ಲುಕಟ್ಟಡದ ಕಾಲುವೆ ಇದ್ದಿದ್ದರೆ ಏನಾಗುತ್ತಿತ್ತೋ. ಆ ಗೈಡ್‌ಗಳು ಮೊದಲು ಗಾಡಿಯನ್ನು ಎತ್ತಿ ಒರೆಸಿ, ಅದರ ಎಂಜಿನ್ ಚಾಲೂ ಆಗುತ್ತದೆಯೇ ಎಂದು ನೋಡಿ, ಆಮೇಲೆ ಯುವಕನ ಕೈ ನೋಡಿದರು. ಇದನ್ನು ನೋಡಿದ ಮೇಲೆ ಸಂಸ್ಥೆಯನ್ನು ಅಳೆಯಲು ಬೇರೆ ಅಳತೆಗೋಲು ನನಗೆ ಬೇಕಾಗಲಿಲ್ಲ.

ಬಾತೂರ್ ಜೀಪಿನ ವಿಚಾರ ಬೇರೆ. ಅಲ್ಲಿ ನೀವು ಓಡಿಸುವುದಿಲ್ಲ, ಸ್ಥಳೀಯ ಚಾಲಕ ಓಡಿಸುತ್ತಾನೆ. ಉಬುದ್‌ನಿಂದ ಬೆಳಗಿನ ಜಾವ ಮೂರೂವರೆಗೆಲ್ಲ ಹೊರಟು ಕಿಂತಾಮಣಿ ಪ್ರದೇಶ ತಲುಪಿದರೆ, ಹಳೆಯ ಟೊಯೋಟಾ ಗಾಡಿಗಳಲ್ಲಿ ಬೆಟ್ಟದ ಇಳಿಜಾರಿನ ಒಂದು ದಿಬ್ಬಕ್ಕೆ ಹತ್ತಿಸುತ್ತಾರೆ. ಸೂರ್ಯೋದಯವಾದ ಮೇಲೆ ಲಾವಾ ಹರಿದು ಹೆಪ್ಪುಗಟ್ಟಿದ ಕರಿಯ ಕಲ್ಲಿನ ಬಯಲಿಗೆ ಇಳಿಸುತ್ತಾರೆ. ಬೆಟ್ಟದ ಎತ್ತರ 1717 ಮೀಟರ್, ಜೀಪು ತುದಿಯವರೆಗೆ ಹೋಗುವುದಿಲ್ಲ. 1963ರ ಸ್ಫೋಟದ ಲಾವಾ ಇಂದಿಗೂ ಕಪ್ಪಾಗಿಯೇ ಇದೆ, ಹುಲ್ಲು ಸಹ ಸರಿಯಾಗಿ ಹಿಡಿದಿಲ್ಲ. 1926ರ ಸ್ಫೋಟದಲ್ಲಿ ಬೆಟ್ಟದ ಬುಡದಲ್ಲಿದ್ದ ಬಾತೂರ್ ಎಂಬ ಊರೂ ಅದರ ದೇವಸ್ಥಾನವೂ ಲಾವಾದಲ್ಲಿ ಮುಚ್ಚಿಹೋದವು. ಬಳಿಕ ಜನರು ಬೆಟ್ಟವನ್ನು ಸುತ್ತುವರಿದ ದೊಡ್ಡ ಕುಳಿಯ ಮೇಲಿನ ಅಂಚಿಗೆ ಹೋಗಿ ನೆಲೆಸಿ ಅಲ್ಲಿಯೇ ದೇವಸ್ಥಾನ ಕಟ್ಟಿಕೊಂಡರು. ಇಷ್ಟು ಕಥೆ ಕೇಳಿಸಿದರೆ ಆರನೆಯ ತರಗತಿಯ ಹುಡುಗನಿಗೆ ಕೆಸರಿಗಿಂತ ಇದೇ ಇಷ್ಟವಾಗಬಹುದು.

ಆದರೂ ಒಂದು ಎಚ್ಚರಿಕೆ. ಡಿಸ್ಕ್ ತೊಂದರೆ ಇರುವವರಿಗೆ ಜೀಪಿನ ಹಿಂದಿನ ಬೆಂಚು ಒಳ್ಳೆಯದಲ್ಲ. ಜೋಗಿಮಟ್ಟಿಯ ಏರನ್ನು ಹಳೆಯ ಜೀಪಿನ ಹಿಂಬದಿಯಲ್ಲಿ ಕುಳಿತು ಹತ್ತಿದವರಿಗೆ ನಾನು ಹೇಳುತ್ತಿರುವುದು ಅರ್ಥವಾಗುತ್ತದೆ. ಅತ್ತೆಯವರಿಗೆ ಪೆನೆಲೋಕನ್ ಎಂಬ ಮೇಲಂಚಿನ ಊರು ಸರಿ. ಅಲ್ಲಿಗೆ ಡಾಂಬರು ರಸ್ತೆಯಲ್ಲಿ ಕಾರಿನಲ್ಲಿಯೇ ಹೋಗಬಹುದು. ಬೆಟ್ಟ, ಸರೋವರ, ಕರಿಯ ಲಾವಾ ಮೂರೂ ಒಟ್ಟಿಗೆ ಕಾಣುತ್ತವೆ, ಕುಳಿತು ಕಾಫಿ ಕುಡಿಯಲು ಹೋಟೆಲುಗಳಿವೆ. ಸ್ವೆಟರ್ ಮರೆಯಬೇಡಿ. ಬಾಲಿ ಎಂದರೆ ಬರೀ ಸೆಕೆ ಎಂದುಕೊಂಡು ಹೋದವರು ಅಲ್ಲಿ ಬೆಳಗಿನ ಜಾವ ಹಲ್ಲು ಕಟಕಟಿಸುತ್ತಾರೆ.

ಉತ್ತರ: ಟ್ರ್ಯಾಕ್ಟರ್ ಗ್ಯಾರೇಜ್, ಹರಿಹರ

ನಾನು ಬಾಲಿಗೆ ಹೋದವನಲ್ಲ. ಆದರೆ ತೋಟದ ಕೆಲಸಕ್ಕೆಂದು ತರಿಸಿದ ಎಟಿವಿಗಳನ್ನು ಬಿಚ್ಚಿ ಜೋಡಿಸಿದ್ದೇನೆ. ಏಜೆಂಟರು ಹೇಳಿದ ‘ಸ್ಕೂಟಿ ಬಂದರೆ ಸಾಕು’ ಎಂಬ ಮಾತನ್ನು ಮಾತ್ರ ಒಪ್ಪಲು ಸಾಧ್ಯವಿಲ್ಲ. ಸ್ಕೂಟಿ ಬರುತ್ತದೆ ಎಂಬುದೇ ಇಲ್ಲಿ ತೊಂದರೆಗೆ ಕಾರಣವಾಗಬಹುದು.

ಸ್ಕೂಟಿ ತಿರುವಿನಲ್ಲಿ ಒಳಕ್ಕೆ ವಾಲುತ್ತದೆ, ನಾವೂ ಅದರೊಂದಿಗೆ ವಾಲುತ್ತೇವೆ. ಎಟಿವಿ ವಾಲುವುದಿಲ್ಲ. ಅದರ ಅಗಲ ಕಡಿಮೆ, ಉದ್ದ ಕಡಿಮೆ, ಎತ್ತರ ಹೆಚ್ಚು, ಕುಳಿತವರ ತೂಕ ಎಂಜಿನ್ನಿಗಿಂತಲೂ ಮೇಲೆ. ಹೀಗಾಗಿ ತಿರುವಿನಲ್ಲಿ ಗಾಡಿ ಹೊರಕ್ಕೆ ಉರುಳಲು ನೋಡುತ್ತದೆ. ಸವಾರನು ತನ್ನ ಮೈಯನ್ನು ಒಳಬದಿಗೆ ಚೆನ್ನಾಗಿ ಸರಿಸಿ ಕೂರಬೇಕು. ಏರಿನಲ್ಲಿ ಮುಂದಕ್ಕೆ ಬಾಗಬೇಕು, ಇಳಿಜಾರಿನಲ್ಲಿ ಸೀಟಿನ ಹಿಂಬದಿಗೆ ಜರುಗಬೇಕು. ಇದಕ್ಕಿಂತ ಮುಖ್ಯವಾದುದು ಕಾಲಿನ ವಿಚಾರ. ಸ್ಕೂಟಿ ಆಯ ತಪ್ಪಿದರೆ ನಮ್ಮ ಕಾಲು ತಾನಾಗಿಯೇ ನೆಲಕ್ಕೆ ಹೋಗುತ್ತದೆ, ಅದು ವರ್ಷಗಳ ಅಭ್ಯಾಸ. ಎಟಿವಿಯಲ್ಲಿ ಹಾಗೆ ಕಾಲು ಕೆಳಗಿಟ್ಟರೆ ಹಿಂದಿನ ಚಕ್ರ ಅದೇ ಕಾಲಿನ ಮೇಲೆ ಹತ್ತುತ್ತದೆ. ಏನೇ ಆದರೂ ಪಾದಗಳು ಮೆಟ್ಟಿಲ ಮೇಲೆಯೇ ಇರಬೇಕು ಎಂಬುದನ್ನು ಅಭ್ಯಾಸದ ಬಯಲಿನಲ್ಲಿಯೇ ಮನಸ್ಸಿಗೆ ತಂದುಕೊಳ್ಳಿ.

ಟ್ರ್ಯಾಕ್ಟರ್ ಓಡಿಸಿದವರಿಗೆ ಒಂದು ಮಾತಿನಲ್ಲಿ ಹೇಳಬಹುದು: ಡಿಫರೆನ್ಷಿಯಲ್ ಲಾಕ್ ಹಾಕಿಕೊಂಡೇ ತಿರುಗಿಸಿದಂತೆ. ಬಾಡಿಗೆಗೆ ಬಿಡುವ ಹೆಚ್ಚಿನ ಎಟಿವಿಗಳಲ್ಲಿ ಹಿಂದಿನ ಎರಡೂ ಚಕ್ರಗಳು ಒಂದೇ ಗಟ್ಟಿ ಆಕ್ಸಲ್ಲಿಗೆ ಕೂತಿರುತ್ತವೆ. ತಿರುವಿನಲ್ಲಿ ಹೊರಚಕ್ರ ಹೆಚ್ಚು ಉರುಳಬೇಕು, ಒಳಚಕ್ರ ಕಡಿಮೆ ಉರುಳಬೇಕು, ಆದರೆ ಇಲ್ಲಿ ಎರಡೂ ಒಂದೇ ಸಮನೆ ತಿರುಗುತ್ತವೆ. ಆದ್ದರಿಂದ ಹ್ಯಾಂಡಲ್ ತಿರುಗಿಸಿದರೂ ಗಾಡಿ ನೇರವಾಗಿಯೇ ನುಗ್ಗುತ್ತದೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಕೆಸರು ಮುಗಿದು ಕಾಂಕ್ರೀಟ್ ಅಥವಾ ಡಾಂಬರಿನ ತುಂಡು ಸಿಕ್ಕಿದಾಗ ಚಕ್ರ ಗಕ್ಕನೆ ಹಿಡಿಯುತ್ತದೆ. ಅಂತಹ ಕಡೆ ವೇಗದಲ್ಲಿ ತಿರುಗಿಸಿದರೆ ಉರುಳುವ ಸಾಧ್ಯತೆ ಹೆಚ್ಚು. ಆ ಅಗಲವಾದ ಟೈರುಗಳಲ್ಲಿ ಗಾಳಿ ಐದಾರು ಪಿಎಸ್‌ಐ ಮಾತ್ರ ಇರುತ್ತದೆ, ಕಾರಿನ ಟೈರಿನಲ್ಲಿರುವುದರ ಐದನೆಯ ಒಂದು ಭಾಗ. ಕೆಸರಿನಲ್ಲಿ ತೇಲಲು ಅದು ಅನುಕೂಲ, ಗಟ್ಟಿ ರಸ್ತೆಯಲ್ಲಿ ಅಲ್ಲ.

ಹಿಂದೆ ಕೂರಿಸುವ ಬಗ್ಗೆ ಹೇಳುವುದಾದರೆ, ಎಟಿವಿಯಲ್ಲಿ ಎರಡು ಬಗೆ. ಒಬ್ಬರಿಗೆಂದೇ ಮಾಡಿದ್ದು ಒಂದು, ಇಬ್ಬರಿಗೆಂದು ಉದ್ದ ಹೆಚ್ಚಿಸಿ, ಹಿಂದಿನವರಿಗೆ ಬೇರೆ ಸೀಟು, ಹಿಡಿಕೆ, ಪಾದ ಇಡುವ ಜಾಗ ಕೊಟ್ಟು ಮಾಡಿದ್ದು ಇನ್ನೊಂದು. ಒಂಟಿ ಗಾಡಿಯ ಉದ್ದನೆಯ ಸೀಟು ಇಬ್ಬರಿಗಾಗಿ ಇರುವುದಲ್ಲ, ಸವಾರನು ಹಿಂದೆ ಮುಂದೆ ಜರುಗಲಿ ಎಂದು ಇರುವುದು. ಅದರ ಮೇಲೆ ಮಗುವನ್ನು ಕೂರಿಸಿದರೆ ಅಪ್ಪನಿಗೆ ಜರುಗಲು ಜಾಗವೇ ಉಳಿಯುವುದಿಲ್ಲ. ಏರಿನಲ್ಲಿ ಹಿಂದಿನವರ ತೂಕಕ್ಕೆ ಮುಂಭಾಗ ಹಗುರವಾಗುತ್ತದೆ. ಏಜೆಂಟರಿಂದ ಗಾಡಿಯ ಚಿತ್ರ ತರಿಸಿಕೊಂಡು ನೋಡಿ. ಹಿಂದಿನವರಿಗೆ ಬೇರೆ ಪಾದದಾನಿ ಕಾಣದಿದ್ದರೆ ಅದು ಒಂಟಿ ಗಾಡಿ.

ಈ ಗಾಡಿಗಳ ಚರಿತ್ರೆಯೇ ಪಾಠದಂತಿದೆ. 1970ರಲ್ಲಿ ಹೋಂಡಾ ಕಂಪನಿಯು ಮೂರು ಚಕ್ರದ ಎಟಿವಿಯನ್ನು ಅಮೆರಿಕದ ಮಾರುಕಟ್ಟೆಗೆ ಬಿಟ್ಟಿತು. ಮಕ್ಕಳೂ ದೊಡ್ಡವರೂ ಬಿದ್ದು ಸತ್ತ ಪ್ರಕರಣಗಳು ಹೆಚ್ಚಾದ ಮೇಲೆ 1988ರಲ್ಲಿ ಅಲ್ಲಿನ ಸರ್ಕಾರದೊಂದಿಗೆ ಆದ ಒಪ್ಪಂದದಂತೆ ಕಂಪನಿಗಳು ಮೂರು ಚಕ್ರದವನ್ನು ಮಾರುವುದನ್ನು ನಿಲ್ಲಿಸಿದವು. ನಾಲ್ಕು ಚಕ್ರ ಬಂದ ಮೇಲೂ ಉರುಳುವುದು ನಿಲ್ಲಲಿಲ್ಲ. ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಕೃಷಿ ಮುಂತಾದ ಸಾಮಾನ್ಯ ಬಳಕೆಯ ಹೊಸ ಎಟಿವಿಗಳಿಗೆ, ಉರುಳಿದರೂ ಸವಾರನು ಅಡಿಯಲ್ಲಿ ಸಿಕ್ಕಿಕೊಳ್ಳದಂತೆ ಹಿಂಬದಿಯಲ್ಲಿ ರಕ್ಷಣಾ ಕಂಬಿ ಇರಲೇಬೇಕೆಂದು ಕಡ್ಡಾಯ ಮಾಡಿದ್ದಾರೆ. ಏಜೆಂಟರು ಹೇಳಿದಂತೆ ಬೀಳುವ ಪ್ರಶ್ನೆಯೇ ಇಲ್ಲದಿದ್ದರೆ ಆ ಕಂಬಿ ಏತಕ್ಕೆ?

ಸ್ಟೀರಿಂಗ್, ಸೀಟ್ ಬೆಲ್ಟ್, ತಲೆಯ ಮೇಲೆ ಕಬ್ಬಿಣದ ಪಂಜರ ಇರುವ ಬಗ್ಗಿ ಮಾದರಿಯ ಗಾಡಿಗಳೂ ಇವೆ, ಸವಾರರು ಅಕ್ಕಪಕ್ಕ ಕೂರುತ್ತಾರೆ. ಸಿಕ್ಕರೆ ಮಗನಿಗೆ ಅದು ಮೇಲು, ಬೆಲ್ಟ್ ಅವನ ಮೈಗೆ ಸರಿಯಾಗಿ ಕೂರುವಂತಿದ್ದರೆ ಮಾತ್ರ.

ಉತ್ತರ: ವಿದ್ಯಾನಗರವಾಸಿ, ದಾವಣಗೆರೆ

ಇಬ್ಬರಿಗೂ ಧನ್ಯವಾದಗಳು. ಏಜೆಂಟರಿಂದ ಚಿತ್ರ ತರಿಸಿಕೊಂಡೆ. ಹಿಂದಿನವರಿಗೆ ಹಿಡಿಕೆ ಇದೆ, ಪಾದ ಇಡುವ ಜಾಗ ಬೇರೆ ಕಾಣುತ್ತಿಲ್ಲ. ‘ಎಲ್ಲರೂ ಹೀಗೆಯೇ ಹೋಗುತ್ತಾರೆ ಮೇಡಂ’ ಎಂಬುದು ಅವರ ಉತ್ತರ. ಮೈದುನನು ಒಬ್ಬನೇ ಓಡಿಸುವುದಾದರೆ ತಕರಾರಿಲ್ಲ ತಾನೇ? ಕೆಸರು ನೀರು ಬಾಯಿಗೆ ಹೋಗುವ ಮಾತು ಓದಿ ಯಜಮಾನರು ಇನ್ನೊಂದು ಅನುಮಾನ ತೆಗೆದಿದ್ದಾರೆ. ಅದರಿಂದ ಕಾಯಿಲೆ ಬರುವುದುಂಟೇ?

ಉತ್ತರ: ವೈದ್ಯ, ಪಿ.ಜೆ. ಬಡಾವಣೆ

ಅನುಮಾನ ಸರಿಯಾಗಿದೆ. ಉಷ್ಣವಲಯದ ದ್ವೀಪಗಳಲ್ಲಿ ಮಳೆಗಾಲದ ಕೆಸರಿನೊಂದಿಗೆ ಬರುವ ಮುಖ್ಯ ಕಾಯಿಲೆ ಇಲಿ ಜ್ವರ. ಇಲಿ, ಹಂದಿ, ದನಗಳ ಮೂತ್ರ ಸೇರಿದ ನೀರಿನಲ್ಲಿ ಅದರ ಸೂಕ್ಷ್ಮಾಣು ಇರುತ್ತದೆ. ಚರ್ಮದ ಗಾಯ, ಕಣ್ಣು, ಮೂಗು, ಬಾಯಿಯ ಮೂಲಕ ಒಳಗೆ ಹೋಗುತ್ತದೆ. ನಮ್ಮದೇ ಅಂಡಮಾನ್‌ನಲ್ಲಿ ಬಹುಕಾಲ ಕಾರಣ ತಿಳಿಯದೆ ಅಂಡಮಾನ್ ರಕ್ತಸ್ರಾವ ಜ್ವರ ಎಂದು ಕರೆಯಲಾಗುತ್ತಿದ್ದುದು ಕೊನೆಗೆ ಇಲಿ ಜ್ವರವೆಂದೇ ಗೊತ್ತಾಯಿತು. 2000ದಲ್ಲಿ ಬೋರ್ನಿಯೊ ದ್ವೀಪದ ಸಬಾದಲ್ಲಿ ಕಾಡು, ಗುಹೆ, ನದಿಗಳನ್ನು ದಾಟುವ ಸಾಹಸ ಸ್ಪರ್ಧೆಯೊಂದು ನಡೆದಿತ್ತು. ಭಾಗವಹಿಸಿದ 304 ಮಂದಿಯಲ್ಲಿ 189 ಮಂದಿಯನ್ನು ನಂತರ ವಿಚಾರಿಸಿದಾಗ 80 ಮಂದಿಗೆ ಈ ಜ್ವರದ ಲಕ್ಷಣಗಳು ಕಾಣಿಸಿಕೊಂಡಿದ್ದವು. ಅವರೆಲ್ಲರೂ ಗಟ್ಟಿಮುಟ್ಟಾದ ಕ್ರೀಡಾಪಟುಗಳು. ಎರಡು ಗಂಟೆಯ ಎಟಿವಿ ಸವಾರಿಯ ಅಪಾಯ ಅಷ್ಟು ದೊಡ್ಡದಲ್ಲ, ಆದರೆ ಕೆಸರು ನೀರು ಬರೀ ಬಟ್ಟೆ ಕೊಳೆ ಮಾಡುತ್ತದೆ ಎಂದು ತಿಳಿಯಬಾರದು.

ಕಾಲಿನಲ್ಲಿ, ಕೈಯಲ್ಲಿ ಸೀಳಿದ ಗಾಯವಿದ್ದರೆ ಸವಾರಿ ಬಿಡಿ. ಸಣ್ಣ ಗೀರಾದರೆ ನೀರು ಒಳಹೋಗದ ಪ್ಲಾಸ್ಟರ್ ಹಾಕಿ. ಕಣ್ಣಿಗೆ ಕನ್ನಡಕ, ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ, ಮುಗಿದ ತಕ್ಷಣ ಸಾಬೂನು ಹಚ್ಚಿ ಸ್ನಾನ ಮಾಡಿ. ಧನುರ್ವಾಯು ಚುಚ್ಚುಮದ್ದು ಹಾಕಿಸಿಕೊಂಡು ಬಹಳ ವರ್ಷವಾಗಿದ್ದರೆ ಹೊರಡುವ ಮೊದಲೇ ಹಾಕಿಸಿಕೊಳ್ಳಿ. ಊರಿಗೆ ಮರಳಿದ ಮೇಲೆ ಒಂದೆರಡು ವಾರಗಳಲ್ಲಿ, ಕೆಲವೊಮ್ಮೆ ತಿಂಗಳ ಒಳಗೆ, ಜ್ವರ, ಮೀನಖಂಡದಲ್ಲಿ ತೀವ್ರ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ‘ಬಾಲಿಯಲ್ಲಿ ಕೆಸರಿನಲ್ಲಿ ಓಡಾಡಿದ್ದೆವು’ ಎಂಬ ಮಾತನ್ನು ವೈದ್ಯರಿಗೆ ಮೊದಲು ಹೇಳಿ. ಇಲ್ಲವಾದರೆ ಡೆಂಗಿ ಪರೀಕ್ಷೆಯಲ್ಲಿಯೇ ಮೂರು ದಿನ ಕಳೆದುಹೋಗುತ್ತದೆ. ಬೇಗ ಗುರುತಿಸಿದರೆ ಸಾಮಾನ್ಯ ಆ್ಯಂಟಿಬಯೋಟಿಕ್‌ಗಳಿಂದಲೇ ಗುಣವಾಗುತ್ತದೆ. ಮುಂಜಾಗ್ರತೆಗೆಂದು ಮಾತ್ರೆ ನುಂಗುವುದನ್ನು ನಿಮ್ಮ ವೈದ್ಯರನ್ನು ಕೇಳದೆ ಮಾಡಬೇಡಿ. ಬಾಲಿಯಲ್ಲಿ 2008ರಿಂದ ರೇಬೀಸ್ ಇದೆ. ಹಾದಿಯಲ್ಲಿ ನಿಲ್ಲಿಸಿದಾಗ ನಾಯಿಮರಿಯನ್ನು ಮುದ್ದಿಸಲು ಮಗ ಇಳಿಯದಂತೆ ನೋಡಿಕೊಳ್ಳಿ.

ಅತ್ತೆಯವರ ವಿಚಾರದಲ್ಲಿ ನನಗೆ ಯಾವ ಸಂದೇಹವೂ ಇಲ್ಲ. ಡಿಸ್ಕ್ ತೊಂದರೆ ಇರುವವರು ಎಟಿವಿಯ ಹಿಂದೆ ಕೂರಬಾರದು. ಓಡಿಸುವವನಿಗೆ ಮುಂದಿನ ಗುಂಡಿ ಕಾಣುತ್ತದೆ, ಅವನು ಮೊಣಕಾಲು ಬಗ್ಗಿಸಿ ಎದ್ದು ಪೆಟ್ಟನ್ನು ತಡೆಯುತ್ತಾನೆ. ಹಿಂದೆ ಕುಳಿತವರಿಗೆ ಗುಂಡಿ ಕಾಣುವುದಿಲ್ಲ, ಕುಲುಕಾಟವೆಲ್ಲ ನೇರವಾಗಿ ಸೊಂಟಕ್ಕೆ ಬರುತ್ತದೆ. ಇನ್ನು ಹುಡುಗನ ವಿಚಾರ. ಹದಿನಾರು ವರ್ಷದೊಳಗಿನವರು ಎಟಿವಿ ಓಡಿಸಲೇಬಾರದು ಎಂಬುದು ಅಮೆರಿಕದ ಮಕ್ಕಳ ವೈದ್ಯರ ಸಂಘದ ನಿಲುವು. ಹಿಂದೆ ಕೂರಿಸುವುದನ್ನೂ ಅವರು ಒಪ್ಪುವುದಿಲ್ಲ. ‘ಹಿಂದೆ ಕೂತರೆ ಏನಾಗುತ್ತದೆ’ ಎನ್ನುವವರು, ದೊಡ್ಡವರ ಹೆಲ್ಮೆಟ್ಟನ್ನು ಆ ಮಗುವಿನ ತಲೆಗೆ ಹಾಕಿ, ಗಲ್ಲದ ಪಟ್ಟಿ ಬಿಗಿದ ಮೇಲೆ ಎರಡು ಕೈಯಿಂದ ಅಲುಗಿಸಿ ನೋಡಲಿ. ತಲೆ ಅಲುಗದೆ ಹೆಲ್ಮೆಟ್ ಮಾತ್ರ ತಿರುಗಿದರೆ ಅದು ಇದ್ದೂ ಇಲ್ಲದಂತೆ.

ಉತ್ತರ: ಡಿಸಿಎಂ ಟೌನ್‌ಶಿಪ್ ಓದುಗ

ಇಷ್ಟೊಂದು ಹೆದರಿಸಬೇಕಾದ ಅಗತ್ಯವಿದೆಯೇ ಎಂದು ಕೇಳಲೇಬೇಕಾಗಿದೆ. ಪ್ರತಿದಿನ ಎಷ್ಟೋ ಜನ ಅಲ್ಲಿ ಈ ಸವಾರಿ ಮಾಡಿ ನಗುನಗುತ್ತಾ ಹಿಂದಿರುಗುತ್ತಾರೆ. ನಾವೂ ಮಾಡಿದ್ದೇವೆ, ನಮ್ಮ ಪ್ರವಾಸದಲ್ಲಿ ಎಲ್ಲರಿಗೂ ಹೆಚ್ಚು ನೆನಪಿರುವುದು ಅದೇ. ನಮ್ಮೂರಿನ ಹಳೆಯ ಪಿ.ಬಿ. ರಸ್ತೆಯಲ್ಲಿ ಸಂಜೆ ಆರಕ್ಕೆ ಸ್ಕೂಟಿ ಓಡಿಸುವುದು ಇದಕ್ಕಿಂತ ಅಪಾಯವೆಂದು ನನ್ನ ಭಾವನೆ. ಮೈದುನರು, ಯಜಮಾನರು ಹೋಗಲಿ, ನೀವೂ ಹೋಗಿ. ನಿಧಾನವಾಗಿ ಓಡಿಸಲು ಯಾರ ಅಪ್ಪಣೆಯೂ ಬೇಕಾಗಿಲ್ಲ. ಹಿಂದಿನವರು ಹಾರ್ನ್ ಮಾಡಿದರೆ ಮಾಡಲಿ.

ಉತ್ತರ: ಭದ್ರಾ ಅಚ್ಚುಕಟ್ಟಿನ ರೈತ, ಮಲೇಬೆನ್ನೂರು

ಮೇಲಿನವರ ಮಾತಿಗೆ ನನ್ನ ವಿರೋಧವಿಲ್ಲ, ಆದರೆ ಓಡಿಸುವ ಜಾಗದ ಬಗ್ಗೆ ಯಾರೂ ಬರೆದಿಲ್ಲ. ಆ ಗದ್ದೆಗಳಿಗೆ ನೀರು ಹಂಚುವ ವ್ಯವಸ್ಥೆಗೆ ಸುಬಕ್ ಎಂದು ಹೆಸರು. 2012ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. ಒಂದು ನೀರಿನ ಮೂಲಕ್ಕೆ ಸೇರಿದ ರೈತರೆಲ್ಲ ಒಂದು ಸಂಘ, ನೀರಿನ ದೇವಸ್ಥಾನ ಅದರ ಕೇಂದ್ರ. ಯಾವ ಗದ್ದೆಗೆ ಯಾವಾಗ ನೀರು ಎಂಬುದನ್ನು ಅಲ್ಲಿ ಕುಳಿತು ತೀರ್ಮಾನಿಸುತ್ತಾರೆ. ನಮ್ಮ ಕೆರೆಗಳ ನೀರುಗಂಟಿ ಮಾಡುತ್ತಿದ್ದ ಕೆಲಸವನ್ನು ಅಲ್ಲಿ ಇಡೀ ಊರು ಸೇರಿ ಮಾಡುತ್ತದೆ. ಕೊನೆಭಾಗದ ಜಮೀನಿಗೆ ನೀರು ತಲುಪಿಸಲು ಪ್ರತಿ ಬೇಸಿಗೆಯಲ್ಲಿ ಹೋರಾಡುವ ನಮಗೆ ಇದು ಹೊಟ್ಟೆಕಿಚ್ಚು ಪಡುವಂತಹ ಸಂಗತಿ.

ಆ ವ್ಯವಸ್ಥೆಯೆಲ್ಲ ನಿಂತಿರುವುದು ಬದುವಿನ ಮೇಲೆ. ಒಂದು ಅಡಿ ಬದು ಕುಸಿದರೆ ಮೇಲಿನ ಮಡಿಯ ನೀರು ಕೆಳಗಿನ ಮಡಿಗೆ ಹೋಗುತ್ತದೆ, ಕೆಳಗಿನವನ ನಾಟಿ ಕೊಚ್ಚಿಹೋಗುತ್ತದೆ. ಇನ್ನೂರು ಕಿಲೋ ಆಸುಪಾಸಿನ ಗಾಡಿ, ಮೇಲೆ ಒಬ್ಬರೋ ಇಬ್ಬರೋ, ದಿನಕ್ಕೆ ಎಷ್ಟೋ ಸಲ ಮಳೆಗಾಲದಲ್ಲಿ ಅದರ ಮೇಲೆ ಹಾದರೆ ಯಾವ ಬದು ತಡೆಯುತ್ತದೆ? ಸಂಸ್ಥೆಯು ತನ್ನದೇ ಜಮೀನಿನಲ್ಲಿ ಅಥವಾ ಬಾಡಿಗೆಗೆ ಪಡೆದ ತೋಟದಲ್ಲಿ ಹಾದಿ ಮಾಡಿಕೊಂಡಿದೆಯೇ, ಬೇಸಾಯ ನಡೆಯುತ್ತಿರುವ ಗದ್ದೆಯ ಬದುವಿನ ಮೇಲೆ ಓಡಿಸುತ್ತದೆಯೇ ಎಂದು ಕೇಳಿ. ಮೊದಲನೆಯದಾದರೆ ಸಂತೋಷವಾಗಿ ಹೋಗಿ. ಓಡಿಸುವಾಗ ಗೈಡ್‌ನ ಗಾಡಿಯ ಗುರುತಿನ ಮೇಲೆಯೇ ಹೋಗಿ, ಫೋಟೊಗೆಂದು ಮಡಿಗೆ ಇಳಿಸಬೇಡಿ. ನಾಟಿ ಮಾಡಿದ ಮಡಿಯಲ್ಲಿ ಯಾರೋ ಪ್ರವಾಸಿ ಟೈರು ಹೊಡೆದು ಹೋದರೆ ನಮ್ಮೂರಿನಲ್ಲಿ ಏನಾಗುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ.

ಉತ್ತರ: ನಿವೃತ್ತ ವಿಮಾ ಉದ್ಯೋಗಿ, ದಾವಣಗೆರೆ

ಚುಟುಕಾಗಿ ಎರಡು ಮಾತು. ಪ್ರವಾಸ ವಿಮೆ ಇದೆ ಎಂದು ಏಜೆಂಟರು ಹೇಳಿದರೆ ಸಮಾಧಾನಪಡದೆ ಪಾಲಿಸಿಯ ಪ್ರತಿಯನ್ನೇ ತರಿಸಿಕೊಳ್ಳಿ. ‘ಪರಿಹಾರ ಅನ್ವಯಿಸದ ಸಂದರ್ಭಗಳು’ ಎಂಬ ಭಾಗದಲ್ಲಿ ಸಾಹಸ ಕ್ರೀಡೆ, ರಸ್ತೆಯಲ್ಲದ ಹಾದಿಯ ವಾಹನ ಎಂಬ ಪದಗಳಿವೆಯೇ ಎಂದು ಹುಡುಕಿ. ಅನೇಕ ಸಾಮಾನ್ಯ ಪಾಲಿಸಿಗಳಲ್ಲಿ ಇವು ಹೊರಗಿರುತ್ತವೆ, ಬೇಕಾದರೆ ಹೆಚ್ಚಿನ ಪ್ರೀಮಿಯಂ ಕಟ್ಟಿ ಸೇರಿಸಿಕೊಳ್ಳಬೇಕಾಗುತ್ತದೆ. ಅತ್ತೆಯವರ ಡಿಸ್ಕ್ ತೊಂದರೆಯನ್ನು ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟರೆ ಅಲ್ಲಿ ಕಾಲು ಜಾರಿ ಬಿದ್ದರೂ ಕ್ಲೇಮ್ ತಿರಸ್ಕರಿಸಲು ಅವರಿಗೆ ನೆಪ ಸಿಗುತ್ತದೆ.

ಸವಾರಿಯ ಮೊದಲು ಸಹಿ ಹಾಕಿಸಿಕೊಳ್ಳುವ ಕಾಗದವನ್ನು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಟಿಕೆಟ್ಟಿನ ಬೆಲೆಯಲ್ಲಿ ವಿಮೆ ಸೇರಿದೆ ಎಂದು ಸಂಸ್ಥೆಯವರು ಹೇಳುವುದುಂಟು. ಅದು ಎಷ್ಟು ಮೊತ್ತಕ್ಕೆ, ಆಸ್ಪತ್ರೆಯ ಖರ್ಚಿಗೋ ಸಾವಿಗೆ ಮಾತ್ರವೋ ಎಂದು ಬರವಣಿಗೆಯಲ್ಲಿ ಕೇಳಿ. ಬರೆದು ಕೊಡಲು ಹಿಂಜರಿದರೆ ಸೇರಿಲ್ಲವೆಂದೇ ತಿಳಿಯಿರಿ.

ಉತ್ತರ: ವಿದ್ಯಾನಗರವಾಸಿ, ದಾವಣಗೆರೆ

ಎಲ್ಲರ ಉತ್ತರಗಳನ್ನೂ ಮನೆಯಲ್ಲಿ ಓದಿ ಹೇಳಿದೆ. ಮಗನನ್ನು ಹಿಂದೆ ಕೂರಿಸುವ ಯೋಚನೆಯನ್ನು ಯಜಮಾನರೇ ಬಿಟ್ಟರು. ಎಟಿವಿಯನ್ನು ಐವರ ಪಟ್ಟಿಯಿಂದ ತೆಗೆಸಿ, ಮೈದುನನೊಬ್ಬನಿಗೆ ಒಂಟಿ ಗಾಡಿಯಲ್ಲಿ ಬೆಳಗಿನ ತಂಡದ ಟಿಕೆಟ್ ಹಾಕಿಸುತ್ತಿದ್ದೇವೆ, ಪಾಲಿಸಿಯಲ್ಲಿ ಸಾಹಸ ಕ್ರೀಡೆ ಸೇರಿಸಿದ ಮೇಲೆ. ನಾನು ಓಡಿಸುವುದೋ ಬೇಡವೋ ಎಂಬುದನ್ನು ಅಲ್ಲಿಯ ಅಭ್ಯಾಸದ ಬಯಲು ನೋಡಿ ತೀರ್ಮಾನಿಸುತ್ತೇನೆ. ಸ್ಕೂಟಿಯ ಅಭ್ಯಾಸದಿಂದ ಕಾಲು ಕೆಳಗಿಡುವ ವಿಚಾರ ಓದಿದ ಮೇಲೆ ಧೈರ್ಯ ಸ್ವಲ್ಪ ಕಡಿಮೆಯಾಗಿದೆ. ಬಾತೂರ್‌ಗೆ ಯಜಮಾನರು ಮತ್ತು ಮಗ ಜೀಪಿನಲ್ಲಿ ಹೋಗುತ್ತಾರೆ, ನಾನು ಮತ್ತು ಅತ್ತೆಯವರು ಕಾರಿನಲ್ಲಿ ಪೆನೆಲೋಕನ್‌ಗೆ ಹೋಗುತ್ತೇವೆ. ‘ಹಾಗಾದರೆ ನಾವಿಬ್ಬರೂ ಮೇಲೆ ಕುಳಿತು ಕೆಳಗಿನವರನ್ನು ನೋಡೋಣ’ ಎಂದು ಅತ್ತೆಯವರು ಒಪ್ಪಿದ್ದಾರೆ. ಕೋಟೆಯೂರಿನವರು ಇದೊಂದನ್ನು ತಿಳಿಸಬೇಕು: ಎರಡೂ ಗಾಡಿಗಳು ಬೆಳಗಿನ ಜಾವ ಒಟ್ಟಿಗೆ ಹೊರಡಬೇಕೇ?

ಉತ್ತರ: ಕೋಟೆಯೂರಿನವ, ಚಿತ್ರದುರ್ಗ

ಬೇಡ ಮೇಡಂ. ಜೀಪಿನವರು ಮೂರೂವರೆಗೆ ಹೊರಡಲಿ, ನೀವು ಆರಕ್ಕೆ ಹೊರಟರೂ ಸಾಕು, ಕಾರಿನಲ್ಲಿ ಒಂದು ಗಂಟೆಯ ಮೇಲೆ ಸ್ವಲ್ಪ ಹಿಡಿಯಬಹುದು. ಲಾವಾ ಬಯಲು ಮುಗಿಸಿಕೊಂಡು ಅವರು ಮೇಲೆ ಬರುವ ಹೊತ್ತಿಗೆ ನಿಮ್ಮ ತಿಂಡಿ ಆಗಿರುತ್ತದೆ. ಹಿಂದಿನ ರಾತ್ರಿ ಜೋರು ಮಳೆಯಾಗಿದ್ದರೆ ಮೋಡ ಕವಿದು ಏನೂ ಕಾಣದಿರಬಹುದು. ಮಳೆ ಬಂದರೆ ಜೀಪಿನ ದಿನವನ್ನು ಮರುದಿನಕ್ಕೆ ಬದಲಿಸಿಕೊಡುವ ಷರತ್ತನ್ನು ಮುಂಗಡ ಕಟ್ಟುವ ಮೊದಲೇ ಏಜೆಂಟರಿಂದ ಒಪ್ಪಿಸಿಕೊಳ್ಳಿ. ಬಾಲಿಯ ಪ್ರವಾಸಿ ಶುಲ್ಕ ತಲೆಗೆ ಒಂದೂವರೆ ಲಕ್ಷ ರುಪಿಯಾ, ಅಂದರೆ ಎಂಟುನೂರು ರೂಪಾಯಿಯ ಆಸುಪಾಸು, 2024ರ ಫೆಬ್ರವರಿಯಿಂದ ಜಾರಿಯಲ್ಲಿದೆ. ಅದನ್ನು ಆನ್‌ಲೈನ್‌ನಲ್ಲಿ ಮೊದಲೇ ಕಟ್ಟಿ ರಸೀದಿ ಮೊಬೈಲಿನಲ್ಲಿಟ್ಟುಕೊಳ್ಳಿ. ಏಜೆಂಟರ ಪ್ಯಾಕೇಜಿನಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ.